ಗಾಲಿ ನೋಡುವ ಶಾಸ್ತ್ರ

ಗಾಡಿ ಕೊಳ್ಳುವುದು ಈಗ ದೊಡ್ಡ ಮಾತೇನಲ್ಲ. ಸಾಲ ಕೊಡುವವರು ಮನೆಗೇ ಬಂದು ಸಹಿ ಮಾಡಿಸಿಕೊಂಡು ಹೋಗುತ್ತಾರೆ. ಗಾಲಿ ಆರಿಸುವುದಿದೆಯಲ್ಲ, ಅದಕ್ಕೆ ಬೀಗರು, ನೆಂಟರು, ಓಣಿಯ ಹುಡುಗರು, ಪಂಕ್ಚರ್ ಅಂಗಡಿಯವರು ಎಲ್ಲರೂ ಬೇಕು. ಲಕ್ಷ್ಮೇಶ್ವರದಲ್ಲಿ ಶೇಂಗಾ ಎಣ್ಣೆಯ ವ್ಯಾಪಾರ ಮಾಡುವ ನಮ್ಮ ಅಕ್ಕನ ಮಗ ಬ್ಯಾಟರಿ ಗಾಡಿ ತಗೋತೀನಿ ಎಂದಾಗ ಯಾರೂ ತಕರಾರು ಮಾಡಲಿಲ್ಲ. ಬಣ್ಣ ಒಂದೇ ಸಂಜೆಗೆ ತೀರ್ಮಾನವಾಯಿತು. ಗಾಲಿಯ ಮಾತು ಮಾತ್ರ ಯುಗಾದಿಗೆ ಶುರುವಾದದ್ದು ಕಾರಹುಣ್ಣಿಮೆ ದಾಟಿದರೂ ಮುಗಿಯಲಿಲ್ಲ.

ಅವನ ಕಣ್ಣು ಬಿದ್ದದ್ದು ಮಹೀಂದ್ರದವರು 2024ರ ನವೆಂಬರಿನಲ್ಲಿ ಹೊರತಂದ ಬಿಇ 6 ಮೇಲೆ. ಅದಕ್ಕೆ ಮೂರು ಅಳತೆಯ ಗಾಲಿ. ಕೆಳಗಿನ ದರ್ಜೆಗೆ 18 ಇಂಚು, ಮೇಲಿನ ದರ್ಜೆಗೆ 19, ಇನ್ನಷ್ಟು ದುಡ್ಡು ಸುರಿದರೆ 20. ಅಳಿಯ ವ್ಯಾಪಾರಸ್ಥ. ಕೆಳಗಿನ ದರ್ಜೆಯ ಗಾಡಿ ತಂದು, ಹುಬ್ಬಳ್ಳಿಯಲ್ಲಿ ಹೊರಗಿನ 20 ಇಂಚಿನ ರಿಮ್ಮು ಹಾಕಿಸಿ, ನೋಡುವವರ ಕಣ್ಣಿಗೆ ಅದನ್ನು ಮೇಲಿನ ದರ್ಜೆಗೆ ಏರಿಸುವುದು ಅವನ ಹಂಚಿಕೆ. ಹಂಚಿಕೆಯ ಹಿಂದೆ ಒಂದು ನೋವೂ ಇತ್ತು. ಗಾಳಿ ಗಾಲಿಗೆ ಸಿಕ್ಕಿ ಸುಳಿಯಾಗದೆ ಮೇಲೇ ಜಾರಿಹೋಗಲಿ ಎಂದು ವಿದ್ಯುತ್ ಗಾಡಿಗಳ ಗಾಲಿಗೆ ಚಪ್ಪಟೆ ಮುಚ್ಚಳ ಹಾಕುವ ರೂಢಿ ಇದೆ. ಫೋಟೋದಲ್ಲಿ ಅದನ್ನು ನೋಡಿದ ಅಕ್ಕ, ‘ಇದೇನೋ, ಹಿಟ್ಟ ನಾದೋ ಪರಾತ ಇದ್ದಂಗೈತಿ’ ಎಂದುಬಿಟ್ಟಳು. ಇಪ್ಪತ್ತು ಲಕ್ಷದ ಆಸುಪಾಸಿನ ಗಾಡಿಗೆ ಹೆತ್ತವ್ವನ ಬಾಯಿಂದ ಇಂಥ ಮಾತು ಬಿದ್ದರೆ ಯಾವ ಮಗ ಸುಮ್ಮನಿರುತ್ತಾನೆ?

ಅವನು ನೆಟ್ಟಗೆ ಬೆಟಗೇರಿಗೆ ಬಂದ. ‘ಮಾಮಾ, ನೀವು ಲೆಕ್ಕದ ಮಾಸ್ತರು. ನೀವ ಹೇಳ್ರಿ. ದೊಡ್ಡ ಗಾಲಿ ಹಾಕಿದ್ರ ಗಾಡಿ ಎತ್ತರ ಆಕ್ಕೈತೋ ಇಲ್ಲೋ?’

ನಿವೃತ್ತನಾದ ಲೆಕ್ಕದ ಮಾಸ್ತರನಿಗೆ ಲೆಕ್ಕ ಕೇಳುವವರು ಸಿಗುವುದೇ ಅಪರೂಪ. ಮೊಮ್ಮಕ್ಕಳು ಕೂಡ ಫೋನಿಗೇ ಕೇಳುತ್ತಾರೆ. ನಾನು ಕನ್ನಡಕ ಒರೆಸಿಕೊಂಡು ಕೂತೆ. ಟಾಯರಿನ ಮೇಲೆ ಬರೆದಿರುವುದು 245/60 ಆರ್ 18. ಇದರಲ್ಲಿ 245 ಎಂಬುದು ಟಾಯರಿನ ಅಗಲ, ಮಿಲಿಮೀಟರಿನಲ್ಲಿ. 60 ಎಂಬುದು ಶೇಕಡಾ. ಟಾಯರಿನ ಗೋಡೆಯ ಎತ್ತರ ಆ ಅಗಲದ ನೂರಕ್ಕೆ ಅರವತ್ತು ಪಾಲು. 18 ಎಂಬುದು ಒಳಗಿನ ರಿಮ್ಮಿನ ವ್ಯಾಸ, ಇಂಚಿನಲ್ಲಿ. ಒಂದೇ ಸಾಲಿನೊಳಗೆ ಮಿಲಿಮೀಟರು, ಶೇಕಡಾ, ಇಂಚು, ಯಾವುದಕ್ಕೂ ಮಾನ ಬರೆದಿಲ್ಲ! ಏಳನೆಯ ಇಯತ್ತೆಯ ಹುಡುಗ ಹೀಗೆ ಬರೆದುಕೊಟ್ಟಿದ್ದರೆ ಕಿವಿ ಹಿಂಡಿ ಹೊರಗೆ ನಿಲ್ಲಿಸುತ್ತಿದ್ದೆ. ಜಗತ್ತಿನ ಟಾಯರು ಕಂಪನಿಗಳನ್ನೆಲ್ಲ ಹೊರಗೆ ನಿಲ್ಲಿಸುವಷ್ಟು ದೊಡ್ಡ ವರಾಂಡ ನಮ್ಮ ಶಾಲೆಗೆ ಇರಲಿಲ್ಲ.

ಇರಲಿ. 245ರ ನೂರಕ್ಕೆ ಅರವತ್ತು 147. ಮೇಲೊಂದು ಗೋಡೆ, ಕೆಳಗೊಂದು ಗೋಡೆ, ಸೇರಿ 294. ಹದಿನೆಂಟು ಇಂಚೆಂದರೆ 457. ಒಟ್ಟು ಗಾಲಿಯ ಎತ್ತರ 751 ಮಿಲಿಮೀಟರು. ಈಗ ಇಪ್ಪತ್ತರದ್ದು. ಅದರ ಟಾಯರು 245/50. ಗೋಡೆ 122 ಚಿಲ್ಲರೆ, ಎರಡೂ ಸೇರಿ 245, ರಿಮ್ಮು 508. ಒಟ್ಟು 753. ಮಧ್ಯದ ಹತ್ತೊಂಬತ್ತರದು 245/55, ಅದು 752ಕ್ಕೆ ಬಂದು ನಿಲ್ಲುತ್ತದೆ.

‘ಎರಡ ಮಿಲಿಮೀಟರ ಫರಕ ನೋಡಪಾ. ಅದರಾಗ ಗಾಡಿ ಮ್ಯಾಲೆ ಏಳೂದು ಅರ್ಧ, ಅಂದ್ರ ಒಂದು.’

ಅಳಿಯ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿದ. ‘ಹಂಗಾರ ರೊಕ್ಕ ಯಾಕ ಹೆಚ್ಚಿಗಿ ತಗೋತಾರ?’

‘ರಬ್ಬರ ತಗದು ಲೋಹ ತುಂಬ್ತಾರಲ್ಲ, ಅದಕ್ಕ.’

ಹೊರಗಿನ ಎತ್ತರ ಬದಲಾದರೆ ವೇಗ ತೋರಿಸುವ ಮುಳ್ಳು ಸುಳ್ಳು ಹೇಳತೊಡಗುತ್ತದೆ, ಓಡಿದ ದೂರದ ಲೆಕ್ಕ ತಪ್ಪುತ್ತದೆ. ಅದಕ್ಕೇ ಕಂಪನಿಯವರು ಮೂರನ್ನೂ ಒಂದೇ ಎತ್ತರಕ್ಕೆ ತಂದಿಟ್ಟಿರುತ್ತಾರೆ. ದೊಡ್ಡ ಗಾಲಿ ಎಂದು ನಾವು ಕರೆಯುವುದು ಅಸಲಿಗೆ ತೆಳ್ಳಗಿನ ಟಾಯರು. ತಗ್ಗಿನಲ್ಲಿ ಬಿದ್ದಾಗ ಪೆಟ್ಟು ನುಂಗುವುದು ಆ ಗೋಡೆಯ ಗಾಳಿ, ಮತ್ತು 18ರಿಂದ 20ಕ್ಕೆ ಹೋದರೆ ಅದು ಸುತ್ತಲೂ ಒಂದು ಇಂಚು ಕಡಿಮೆಯಾಗುತ್ತದೆ.

ಇಷ್ಟು ಹೇಳಿದರೂ ಅವನು ಬಿಡಲಿಲ್ಲ. ಅವನಲ್ಲೊಂದು ಬಾಣವಿತ್ತು. ‘ನಮ್ಮಪ್ಪನ ಚಕ್ಕಡಿ ಗಾಲಿ ಎಷ್ಟ ದೊಡ್ಡು ಇದ್ದೂ? ಎರಿ ಹೊಲದಾಗ ಹ್ಯಾಂಗ ಹೋಕ್ಕಿತ್ತು? ದೊಡ್ಡ ಗಾಲಿ ಚಲೋ ಅಂತ ಆಗ ನೀವ ಹೇಳ್ತಿದ್ರಿ.’

ಹೇಳುತ್ತಿದ್ದುದು ಹೌದು, ಅದು ಸರಿಯೂ ಹೌದು. ಎತ್ತರದ ಗಾಲಿ ಸಣ್ಣ ತಗ್ಗನ್ನು ಲೆಕ್ಕಕ್ಕೇ ತಗೊಳ್ಳುವುದಿಲ್ಲ, ಅದರ ಮೇಲೆ ದಾಟಿ ಹೋಗುತ್ತದೆ. ಆದರೆ ದಾಟಿಸುವುದು ಹೊರಗಿನ ಎತ್ತರ. ಚಕ್ಕಡಿಯ ಗಾಲಿ ನಮ್ಮ ಎದೆಮಟ್ಟಕ್ಕೆ ಬರುತ್ತಿತ್ತು. ಇವನ 20 ಇಂಚಿನದು ರಬ್ಬರು ಕೂಡಿಸಿದರೂ ತೊಡೆಯ ಮೇಲೆ ಬರುವುದಿಲ್ಲ.

ಅಕ್ಕನನ್ನು ಕೊಟ್ಟದ್ದು ಮುಂಡರಗಿಗೆ. ಭಾವನವರ ಚಕ್ಕಡಿಗೆ ಹೊಸ ಗಾಲಿ ಕೂಡಿಸುವ ದಿನ ನಾನು ರಜೆಗೆ ಅಲ್ಲಿದ್ದೆ. ಬಡಿಗೇರ ಅಜ್ಜ ಜಾಲಿಯ ಕಟ್ಟಿಗೆಯಲ್ಲಿ ನಡುವಿನ ಗುಂಬ, ಅದರಿಂದ ಹೊರಟ ಅರಗಳು, ಅರಗಳ ತುದಿಗೆ ಬಾಗಿದ ತುಂಡುಗಳು ಎಲ್ಲ ಜೋಡಿಸಿ ಮುಗಿಸಿದ್ದ. ಅವನ ಕೆಲಸ ಮುಗಿದಲ್ಲಿಂದ ಕಂಬಾರನದು ಶುರು. ಕಬ್ಬಿಣದ ಹಳಿಯನ್ನು ಅವನು ಗಾಲಿಯ ಸುತ್ತಳತೆಗಿಂತ ಚೂರು ಕಡಿಮೆಯೇ ಮಾಡಿಟ್ಟಿದ್ದ. ಸಣ್ಣ ಹುಡುಗನಾದ ನನಗೆ ಇದು ಎಷ್ಟು ನೋಡಿದರೂ ಅರ್ಥವಾಗಲಿಲ್ಲ. ಸಣ್ಣ ಬಳೆ ದೊಡ್ಡ ಗಾಲಿಗೆ ಏರುವುದು ಹೇಗೆ? ನೆಲದ ಮೇಲೆ ಹಳಿ ಮಲಗಿಸಿ, ಸುತ್ತ ಕುಳ್ಳು ಒಟ್ಟಿ ಬೆಂಕಿ ಕೊಟ್ಟರು. ಹಳಿ ಕೆಂಪಗಾದಾಗ ಉದ್ದನೆಯ ಇಕ್ಕಳ ಹಿಡಿದು ಸುತ್ತಲಿಂದ ಎತ್ತಿ, ಗಾಲಿಯ ಮೇಲೆ ಇಟ್ಟು, ಸುತ್ತಿಗೆಯಿಂದ ಬಡಿದು ಕೂರಿಸಿದರು. ಕಟ್ಟಿಗೆ ಹೊತ್ತಿಕೊಂಡು ಹೊಗೆ ಎದ್ದಿತು. ಆ ಕ್ಷಣಕ್ಕೆ ಕೊಡಗಟ್ಟಲೆ ನೀರು. ಭುಸ್ ಎಂದು ಆವಿ ಎದ್ದ ಹಿಂದೆಯೇ ಗಾಲಿಯೊಳಗಿಂದ ಟಕ್, ಟಕ್ ಎಂದು ಸಪ್ಪಳ. ಹಳಿ ಕುಗ್ಗುತ್ತಾ ಪ್ರತಿಯೊಂದು ಅರವನ್ನೂ ಗುಂಬದೊಳಗೆ ಒತ್ತುವ ಸಪ್ಪಳವದು. ಬಡಿಗೇರ ಅಜ್ಜ ಕಿವಿಗೊಟ್ಟು ಕೇಳುತ್ತಾ, ಸಪ್ಪಳ ನಿಂತ ಮೇಲೆ, ‘ಕುಂತಿತು’ ಎಂದ. ಕಾದ ಕಬ್ಬಿಣ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ ಎಂದು ವಿಜ್ಞಾನದ ಪುಸ್ತಕದಲ್ಲಿ ಓದಿದ್ದು ಅದಾದ ಎಷ್ಟೋ ವರ್ಷಗಳ ಮೇಲೆ.

ಬೇಸಿಗೆಯಲ್ಲಿ ಕಟ್ಟಿಗೆ ಒಣಗಿ ಹಳಿ ಸಡಿಲಾದರೆ ಚಕ್ಕಡಿಯನ್ನು ಕೆರೆಗೆ ಇಳಿಸಿ ನಿಲ್ಲಿಸುತ್ತಿದ್ದರು. ಕಟ್ಟಿಗೆ ನೀರು ಕುಡಿದು ಉಬ್ಬಿ ತಾನೇ ಬಿಗಿಯಾಗುತ್ತಿತ್ತು. ಮುಂದೆ ಹಳೇ ಜೀಪು, ಲಾರಿಗಳ ಅಚ್ಚು, ಟಾಯರು ಬಂದವು. ಟಾಯರಿನ ಗಾಡಿ ಎತ್ತುಗಳ ಹೆಗಲಿಗೆ ಹಗುರ, ರಸ್ತೆಗೂ ಹಿತ. ಹಳಿಯ ಗಾಲಿಗಳು ಹಿತ್ತಲಲ್ಲಿ ಗೋಡೆಗೆ ಒರಗಿದವು. ಕಂಬಾರನ ಮಗ ಈಗ ಕಿಟಕಿಗೆ ಗ್ರಿಲ್ಲು ಬೆಸುಗೆ ಹಾಕುತ್ತಾನೆ; ಹಳಿ ಏರಿಸಲು ಬರುತ್ತದೆಯೇ ಎಂದು ಕೇಳಿದರೆ ನಗುತ್ತಾನೆ.

ನಾವು ಹುಟ್ಟಿದ ಬೆಟಗೇರಿಯ ಮನೆಯಲ್ಲಿ ಚಕ್ಕಡಿ ಇರಲಿಲ್ಲ, ಮಗ್ಗವಿತ್ತು. ಅಲ್ಲೂ ಒಂದು ರಿಮ್ಮಿತ್ತು. ಅವ್ವ ಕಂಡಿಕೆ ಸುತ್ತುವ ರಾಟಿಗೆ 28 ಇಂಚಿನ ಹಳೇ ಸೈಕಲ್ಲಿನ ರಿಮ್ಮನ್ನು ಕಡ್ಡಿ ಸಮೇತ ಕೂಡಿಸಿದ್ದರು. ಟಾಯರು ಕೂರುವ ತಗ್ಗಿನಲ್ಲಿ ದಾರ ಓಡಿಸಿ ಕದಿರಿಗೆ ಕಟ್ಟಿದರೆ, ಗಾಲಿ ಒಂದು ಸುತ್ತು ತಿರುಗುವುದರೊಳಗೆ ಕದಿರು ಎಷ್ಟೋ ಸುತ್ತು ಹಾಕುತ್ತಿತ್ತು. ಓಣಿಯ ಎಷ್ಟೋ ಮನೆಗಳ ಕಂಡಿಕೆ ಇಂಥ ರಿಮ್ಮುಗಳಿಂದಲೇ ಸುತ್ತಿದ್ದು. ಕಂಪನಿ ಒಂದಕ್ಕೆ ಮಾಡಿದ ಗಾಲಿಯನ್ನು ಮತ್ತೊಂದಕ್ಕೆ ಹಾಕುವ ವಿದ್ಯೆ ನಮ್ಮ ಮನೆತನಕ್ಕೆ ಹೊಸದಲ್ಲ. ಆದರೆ ರಾಟಿ ಕೂತಲ್ಲೇ ತಿರುಗುತ್ತಿತ್ತು, ಅದರ ಮೇಲೆ ಎರಡು ಟನ್ನು ಭಾರ ಇರಲಿಲ್ಲ.

ಅಳಿಯ ಹುಬ್ಬಳ್ಳಿಯ ರಿಮ್ಮಿನ ಅಂಗಡಿಗೆ ನನ್ನನ್ನೂ ಕರೆದುಕೊಂಡು ಹೋದ. ಗೋಡೆಯ ತುಂಬ ರಿಮ್ಮು: ಐದು ಎಲೆಯದು, ಹತ್ತು ಕಡ್ಡಿಯದು, ಬಲೆಯಂತೆ ಹೆಣೆದದ್ದು, ಕರಿ, ಬಿಳಿ, ತಾಮ್ರದ ಬಣ್ಣ. ಮುಂಡರಗಿ ದಾರಿಯಲ್ಲಿ ಡಂಬಳದ ದೊಡ್ಡಬಸಪ್ಪನ ಗುಡಿ ಕಂಡವರಿಗೆ ಇದೇನೂ ಹೆಚ್ಚುಗಾರಿಕೆ ಅನಿಸುವುದಿಲ್ಲ. ಚಾಲುಕ್ಯರ ಕಾಲದ ಕಲ್ಕುಟಿಗರು ಆ ಗುಡಿಯ ತಳವನ್ನೇ 24 ಮೂಲೆಯ ನಕ್ಷತ್ರವಾಗಿ ತಿರುಗಿಸಿದ್ದಾರೆ. ಅವರು ತಿರುಗಿಸಿದ್ದು ಇಂದಿಗೂ ಅಲ್ಲಾಡಿಲ್ಲ ಎಂಬುದು ಬೇರೆ ಮಾತು.

ಅಂಗಡಿಯ ಹುಡುಗ ಚುರುಕಿನವನು. ‘ಐದು ತೂತು ಕೂಡಿದ್ರ ಆತ್ರಿ ಸರ, ಕುಂದರ್ತೈತಿ’ ಎಂದ. ತೂತು ಐದೇ ಇದ್ದರೆ ಸಾಲದು. ಆ ಐದನ್ನೂ ಹಾದು ಹೋಗುವ ವೃತ್ತದ ವ್ಯಾಸ ಒಂದೇ ಇರಬೇಕು. ಪಿಸಿಡಿ ಎಂದು ಮೆಕ್ಯಾನಿಕರು ಹೇಳುವುದು ಅದನ್ನೇ. ರಿಮ್ಮಿನ ನಡುವಿನ ತೂತು ಗಾಡಿಯ ಹಬ್ಬಿನ ಮೇಲೆ ಸರಿಯಾಗಿ ಕೂರಬೇಕು. ದೊಡ್ಡದಿದ್ದರೆ ನಡುವೆ ಬಳೆ ಹಾಕಬೇಕು, ಇಲ್ಲವಾದರೆ ವೇಗ ಏರಿದಂತೆ ಸ್ಟೇರಿಂಗು ಕೈಯಲ್ಲಿ ನಡುಗುತ್ತದೆ. ಆಫ್‌ಸೆಟ್ ಎಂಬುದು ಇನ್ನೊಂದು. ರಿಮ್ಮು ಎಷ್ಟು ಒಳಗೆ ಕೂರುತ್ತದೆ, ಎಷ್ಟು ಹೊರಗೆ ಚಾಚುತ್ತದೆ ಎಂಬ ಲೆಕ್ಕ ಅದು. ಹೊರಗೆ ಚಾಚಿದರೆ ನೋಡಲು ಬಲು ಗತ್ತು. ಆದರೆ ಬೇರಿಂಗಿಗೆ ಭಾರ, ಮಳೆಗಾಲದಲ್ಲಿ ಕೆಸರೆಲ್ಲ ಬಾಗಿಲಿಗೆ. ನಟ್ಟಿನ ತಳ ಕೆಲವದು ಶಂಕುವಿನಂತೆ ಚೂಪು, ಕೆಲವದು ಗುಂಡಗೆ. ಒಂದರ ನಟ್ಟು ಇನ್ನೊಂದಕ್ಕೆ ಹಾಕಿದರೆ ಬಿಗಿಯಾದಂತೆ ಕಾಣುತ್ತದೆ, ಬಿಗಿಯಾಗಿರುವುದಿಲ್ಲ. ಚಕ್ಕಡಿಗೆ ಒಂದೇ ಕಡಾಣಿ, ಬಿದ್ದರೆ ಕಾಣುತ್ತಿತ್ತು. ಇವು ಮುಚ್ಚಳದ ಒಳಗೆ.

ನಾನು ಕೇಳಿದ್ದು ಒಂದೇ ಪ್ರಶ್ನೆ: ಒಂದು ರಿಮ್ಮು ಎಷ್ಟು ಕಿಲೋ ಹೊರುತ್ತದೆ? ನೆಲದಡಿ ಬ್ಯಾಟರಿ ಹಾಸಿದ ಇಂಥ ಗಾಡಿ ಸುಮ್ಮನೆ ನಿಂತರೂ ಎರಡು ಟನ್ನಿನ ಆಸುಪಾಸು. ಐದು ಜನ, ಡಿಕ್ಕಿಯಲ್ಲಿ ಎಣ್ಣೆಯ ಡಬ್ಬಿ, ಮುಂಡರಗಿಯಿಂದ ಬರುವಾಗ ಅಕ್ಕ ಕಟ್ಟಿಕೊಡುವ ಜೋಳದ ಚೀಲ. ಒಂದೊಂದು ಗಾಲಿಯ ಪಾಲಿಗೆ 600 ಕಿಲೋ ದಾಟುತ್ತದೆ, ತಗ್ಗಿಗೆ ಬಿದ್ದಾಗ ಅದರ ದುಪ್ಪಟ್ಟೋ ಮುಪ್ಪಟ್ಟೋ. ಹುಡುಗ ರಿಮ್ಮನ್ನು ತಿರುಗಿಸಿ ಹಿಂದೆ ಮುಂದೆ ನೋಡಿದ, ಭಾರದ ಅಂಕಿ ಎಲ್ಲೂ ಸಿಗಲಿಲ್ಲ. ‘ಭಾಳ ಹೊರ್ತೈತ್ರಿ’ ಎಂದ. ಟಾಯರಿನ ಮೇಲಾದರೆ ಭಾರದ ಅಂಕಿ ಇದ್ದೇ ಇರುತ್ತದೆ, ಅದಕ್ಕೂ ಒಂದು ವಿಚಿತ್ರ ಲೆಕ್ಕ: 100 ಎಂದು ಬರೆದಿದ್ದರೆ 800 ಕಿಲೋ, 104 ಎಂದಿದ್ದರೆ 900 ಕಿಲೋ. ಇದನ್ನು ಯಾವ ಮಗ್ಗಿಯಲ್ಲಿ ಹೊಂದಿಸುವುದು?

ಅಳಿಯ ಅಂದು ರಿಮ್ಮು ಕೊಳ್ಳದೆ ಎದ್ದು ಬಂದ. ಮಾಮನ ಮುಂದೆ ಕೊಳ್ಳಲಿಲ್ಲ ಅಷ್ಟೇ ಎಂಬುದು ಆಮೇಲೆ ತಿಳಿಯಿತು.

ನಮ್ಮ ಕಡೆಯ ರಸ್ತೆಗಳ ವಿಷಯ ಹೇಳದೆ ಗಾಲಿಯ ಮಾತು ಮುಗಿಯುವುದಿಲ್ಲ. ಗುತ್ತಿಗೆದಾರರನ್ನು ಬೈಯುವುದು ನಮ್ಮ ಹಕ್ಕು, ಬೈಯೋಣ. ಆದರೆ ಎರಿ ಭೂಮಿಯ ಪಾಲೂ ಅದರಲ್ಲಿದೆ. ಮಳೆ ಬಿದ್ದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಮೇಲಿನ ಡಾಂಬರು ಅದರ ಜೊತೆ ಏಳಬೇಕು, ಬೀಳಬೇಕು. ಎಷ್ಟೇ ಚೊಕ್ಕಟ ಮಾಡಿದರೂ ಕೆಲವು ಮಳೆಗಾಲ ಕಳೆಯುವುದರೊಳಗೆ ರಸ್ತೆ ಅಲೆಅಲೆಯಾಗುತ್ತದೆ, ಅಂಚು ಹರಿಯುತ್ತದೆ, ತಗ್ಗು ಬಾಯಿ ತೆರೆಯುತ್ತದೆ. ಕುಮಾರವ್ಯಾಸ ತನ್ನ ಭಾರತವನ್ನು ಬರೆದದ್ದು ನಮ್ಮ ಗದಗಿನ ವೀರನಾರಾಯಣನ ಗುಡಿಯಲ್ಲಿ ಕೂತು ಎಂಬುದು ಊರಿನ ನಂಬಿಕೆ. ಅವನು ಒರಗಿ ಕೂತ ಕಂಬವನ್ನೂ ತೋರಿಸುತ್ತಾರೆ. ಅವನ ಹುಟ್ಟೂರು ಕೋಳಿವಾಡವೂ ಎರಿ ಸೀಮೆಯದೇ. ಕರ್ಣನ ರಥದ ಗಾಲಿಯನ್ನು ನೆಲ ನುಂಗುವ ಭಾಗ ಬರೆಯುವಾಗ ಅವನಿಗೆ ಕುರುಕ್ಷೇತ್ರಕ್ಕೆ ಹೋಗಿ ನೋಡಿಬರುವ ಅಗತ್ಯ ಬಿದ್ದಿರಲಾರದು. ಶ್ರಾವಣದಲ್ಲಿ ಗುಡಿಯ ಹೊರಗೆ ಬಂದು ಯಾವುದಾದರೊಂದು ಹೊಲದ ದಾರಿ ನೋಡಿದರೆ ಸಾಕಿತ್ತು.

ಹೊಸ ಗಾಡಿ ಕಂಪನಿಯ 18ರ ಮೇಲೆಯೇ ಬಂತು. ಅದರಲ್ಲಿ ಕೂತು ಲಕ್ಷ್ಮೇಶ್ವರದ ಕಡೆ ಹೊರಟೆವು. ಎಂಜಿನ್ನಿನ ಸಪ್ಪಳವೇ ಇಲ್ಲ. ಹಿಂದೆ ಅದು ಮುಚ್ಚಿಡುತ್ತಿದ್ದ ಸಣ್ಣ ಸಪ್ಪಳಗಳೆಲ್ಲ ಈಗ ಕಿವಿಗೆ ಬೀಳುತ್ತವೆ: ಟಾಯರಿನ ಗುಂಯ್, ಡಬ್ಬಿಯ ಗಡಗಡ, ಹಿಂದೆ ಕೂತ ಅಕ್ಕನ ‘ಸಾವಕಾಶ, ಸಾವಕಾಶ’. ಮಾಗಡಿ ಕೆರೆಯ ಹತ್ತಿರ ನಿಲ್ಲಿಸಿದೆವು. 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಕೆರೆ ಇದು. ಚಳಿಗಾಲದಲ್ಲಿ ಪಟ್ಟೆತಲೆಯ ಹೆಬ್ಬಾತುಗಳು ಹಿಮಾಲಯ ದಾಟಿ ಇಲ್ಲಿಗೆ ಬರುತ್ತವೆ, ಸುತ್ತಲ ಹೊಲದಲ್ಲಿ ಮೇದು, ಚಳಿ ಮುಗಿದ ಮೇಲೆ ಮತ್ತೆ ಹಿಮಾಲಯ ದಾಟಿ ಹೋಗುತ್ತವೆ. ನಾವು ಹೋದದ್ದು ಮಳೆಗಾಲ, ಅವಿರಲಿಲ್ಲ. ಅಳಿಯ ಕೆರೆ ನೋಡಲಿಲ್ಲ, ಶೇಕಡಾ ಎಷ್ಟು ಚಾರ್ಜು ಉಳಿದಿದೆ ಎಂದು ನೋಡುತ್ತಿದ್ದ. ‘ಇಪ್ಪತ್ತರ ಗಾಲಿ ಹಾಕಿದ್ರ ಇದು ಇನ್ನೂ ಲಗೂನ ಇಳೀತೈತಿ’ ಎಂದು ನಾನು ನೆನಪಿಸಿದೆ. ತೂಕದ ಲೋಹ ನಡುವಿನಿಂದ ದೂರ ಹೋದಷ್ಟೂ ಅದನ್ನು ತಿರುಗಿಸಲು ಹೆಚ್ಚು ಶಕ್ತಿ ಬೇಕು, ಕಡ್ಡಿಗಳ ನಡುವೆ ಗಾಳಿ ಸಿಕ್ಕಿ ಮತ್ತಷ್ಟು ತಿನ್ನುತ್ತದೆ. ಅಕ್ಕನ ಪರಾತಕ್ಕೆ ಆಗ ಸ್ವಲ್ಪ ಮರ್ಯಾದೆ ಬಂತು.

ಕೊನೆಯ ತೀರ್ಪು ಕೊಟ್ಟವನು ಶಿರಹಟ್ಟಿಯ ಪಂಕ್ಚರ್ ಅಂಗಡಿಯವನು. ಗಾಳಿ ನೋಡಿಸಲು ನಿಲ್ಲಿಸಿದಾಗ ಅವನೇ ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಬಗ್ಗಿ ಟಾಯರಿನ ಗೋಡೆಗೆ ಹೆಬ್ಬೆರಳು ಒತ್ತಿ, ‘ಚಲೋ ದಪ್ಪ ಐತಿ’ ಎಂದ. ಅಳಿಯ ಇಪ್ಪತ್ತರ ಮಾತು ತೆಗೆದ. ಅವನು ಏನೂ ಹೇಳದೆ ಒಳಗೆ ಹೋಗಿ ಒಂದು ಅಲಾಯ್ ರಿಮ್ಮು ತಂದು ಮುಂದಿಟ್ಟ. ಥಳಥಳ ಹೊಳೆಯುತ್ತಿತ್ತು. ಒಳಗಡೆ ಅಂಚಿನಿಂದ ಕಡ್ಡಿಯ ಬುಡದತನಕ ಕೂದಲೆಳೆಯಂಥ ಒಂದು ಸೀಳು.

‘ತಗ್ಗಿನ್ಯಾಗ ಬಿದ್ದದ್ರಿ. ಟಾಯರ ಸಪೂರ, ಪೆಟ್ಟು ಸೀದಾ ರಿಮ್ಮಿಗೆ. ಕಬ್ಬಿಣದ್ದಿದ್ರ ಡೊಂಕಾಕ್ಕಿತ್ತು, ಬಡದು ಕೊಡ್ತಿದ್ದೆ. ಇದು ಡೊಂಕಾಗೂದುಲ್ರೀ, ಸೀಳತೈತಿ. ಬೆಸಿಗಿ ಹಾಕಿ ಕೊಡು ಅಂತಾರ. ನಾ ಹಾಕೂದುಲ್ಲ. ನಾಳೆ ಅದು ಹೈವೇದಾಗ ಬಿಟ್ರ ನನ್ನ ಹೆಸರು ಹೇಳ್ತಾರ.’

ಇವನ ಗಾಡಿಗೆ ಸ್ಟೆಪ್ನಿ ಇದೆಯೇ ಎಂದೂ ಕೇಳಿದ. ಈಗಿನ ಹಲವು ವಿದ್ಯುತ್ ಗಾಡಿಗಳಲ್ಲಿ ಅದೂ ಇಲ್ಲ, ಗಾಳಿ ತುಂಬುವ ಒಂದು ಡಬ್ಬಿ, ತೂತು ಮುಚ್ಚುವ ಒಂದು ಬಾಟಲಿ ಕೊಟ್ಟಿರುತ್ತಾರೆ. ಸೀಳಿದ ರಿಮ್ಮಿಗೆ ಬಾಟಲಿ ಏನು ಮಾಡೀತು? ಅಳಿಯ ಮರುಮಾತಾಡಲಿಲ್ಲ. ದಾರಿಯುದ್ದಕ್ಕೂ ಮೌನ, ಟಾಯರಿನ ಗುಂಯ್ ಒಂದೇ.

ಆ ಮೌನದ ಕಾರಣ ಮುಂಡರಗಿಗೆ ಹೋದಾಗ ಸಿಕ್ಕಿತು. ನಾನಿಲ್ಲದಾಗ ಅವನು ಹುಬ್ಬಳ್ಳಿಗೆ ಹೋಗಿ ನಾಲ್ಕೂ ರಿಮ್ಮನ್ನು ರಿಯಾಯಿತಿಯಲ್ಲಿ ಹೊತ್ತುಕೊಂಡು ಬಂದಿದ್ದ. ರಿಮ್ಮು ತಂದ ಮೇಲೆ ಅದಕ್ಕೆ ಕೂರುವ 20 ಇಂಚಿನ ನಾಲ್ಕು ಟಾಯರಿನ ಬೆಲೆ ಕೇಳಿದ್ದ. ಕೇಳಿದ ದಿನವೇ ರಿಮ್ಮುಗಳು ತಾಯಿಯ ಮನೆಯ ಅಟ್ಟ ಏರಿದ್ದವು.

ಹೊರಗಿನ ರಿಮ್ಮು ಹಾಕಿಸಲೇಬೇಕೆನ್ನುವವರಿಗೆ ನನ್ನದೊಂದು ವಿನಂತಿ: ಕಂಪನಿ ಒಪ್ಪಿದ ಅಳತೆ ಬಿಟ್ಟು ಆಚೀಚೆ ಹೋಗಬೇಡಿ, ಎಷ್ಟು ಕಿಲೋ ಹೊರುತ್ತದೆ ಎಂಬುದನ್ನು ರಿಮ್ಮಿನ ಮೇಲೇ ಓದಿ, ನೂರು ಕಿಲೋಮೀಟರು ಓಡುವುದರೊಳಗೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿಸಿ, ವಿಮೆಯವರಿಗೆ ಮೊದಲೇ ತಿಳಿಸಿ. ಗದಗ, ಶಿರಹಟ್ಟಿ, ಲಕ್ಷ್ಮೇಶ್ವರ, ಮುಂಡರಗಿಯಲ್ಲೇ ಓಡಾಡುವವರಾದರೆ ಸಣ್ಣ ರಿಮ್ಮು, ದಪ್ಪ ಟಾಯರು, ಅಷ್ಟೇ. ಇದನ್ನು ಓದಿದ ಮೇಲೂ ಮನಸ್ಸು ಕೇಳದಿದ್ದರೆ ಮುಂಡರಗಿಗೆ ಬನ್ನಿ. ಮೂರು ರಿಮ್ಮು ಮಾರಾಟಕ್ಕಿವೆ, ಬೆಲೆಯ ಮಾತು ಅಳಿಯನ ಹತ್ತಿರ. ನಾಲ್ಕನೆಯದು ಸಿಗುವುದಿಲ್ಲ, ಅಕ್ಕ ಅದನ್ನು ಅಟ್ಟದಿಂದ ಇಳಿಸಿ, ಮಗುಚಿಟ್ಟು, ಮೇಲೆ ನೀರಿನ ಹರವಿ ಕೂರಿಸಿದ್ದಾಳೆ.